ಹಳೆಯ ಕಾರಿನ ಹೀಟರ್: ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಾನು ಕೊಡಗಿನ ಮಾದಾಪುರದ ಸಮೀಪದ ಕಾಫಿ ಬೆಳೆಗಾರ. ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡ 1998ರ ಮಾದರಿಯ ಪೆಟ್ರೋಲ್ ಕಾರು ನನ್ನಲ್ಲಿದೆ. ಅದಕ್ಕೆ ಎ.ಸಿ. ಇಲ್ಲ, ಹೀಟರ್ ಮಾತ್ರ ಇದೆ. ಅದರ ಫ್ಯಾನು ನಾಲ್ಕನೆಯ ಸ್ಪೀಡಿನಲ್ಲಷ್ಟೇ ತಿರುಗುತ್ತದೆ; ಉಳಿದ ಮೂರರಲ್ಲಿ ಸದ್ದೇ ಇಲ್ಲ. ಬಿಸಿ-ತಂಪಿನ ಲಿವರ್ ತುಂಬಾ ಬಿಗಿಯಾಗಿದೆ, ಕೆಂಪು ಗುರುತಿನ ತುದಿಯವರೆಗೆ ತಳ್ಳಿದರೂ ತಣ್ಣನೆಯ ಗಾಳಿಯೇ ಬರುತ್ತದೆ. ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿದರೂ ಅದು ಕಾಲಿನ ಬಳಿಯೇ ಬೀಸುತ್ತದೆ. ಮಳೆಗಾಲದಲ್ಲಿ ಗಾಜು ಒಳಗಿನಿಂದ ಮಬ್ಬಾಗಿ ಘಾಟಿಯಲ್ಲಿ ಓಡಿಸುವುದೇ ಕಷ್ಟ. ಹೀಟರ್ ಕೋರ್ ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ಇದು ನಿಜವಾಗಿಯೂ ಅಗತ್ಯವೆ? ನಾನೇ ಮಾಡಿಕೊಳ್ಳಬಹುದಾದ ಕೆಲಸ ಏನಾದರೂ ಇದೆಯೆ?

ಉತ್ತರ: ನೀವು ವಿವರಿಸಿರುವ ಲಕ್ಷಣಗಳನ್ನು ನೋಡಿದರೆ ಡ್ಯಾಶ್‌ಬೋರ್ಡ್ ಬಿಚ್ಚುವ ಹಂತ ಇನ್ನೂ ಬಂದಿಲ್ಲ. ಹೀಟರ್ ಕೋರ್ ಒಳಗೆ ಕಟ್ಟಿಕೊಂಡರೆ ಗಾಳಿ ಬಿಸಿಯಾಗದೆ ಹೋಗಬಹುದು, ನಿಜ. ಆದರೆ ಫ್ಯಾನಿನ ಮೂರು ಸ್ಪೀಡುಗಳು ಸತ್ತಿರುವುದಕ್ಕಾಗಲಿ, ಲಿವರ್ ಬಿಗಿಯಾಗಿರುವುದಕ್ಕಾಗಲಿ, ಗಾಳಿ ಗಾಜಿನತ್ತ ಹೋಗದಿರುವುದಕ್ಕಾಗಲಿ ಕೋರ್ ಕಾರಣವಾಗಲಾರದು. ಗಾಳಿಯ ವೇಗ, ಅದರ ಬಿಸಿ, ಅದರ ದಿಕ್ಕು ಈ ಮೂರಕ್ಕೂ ಬೇರೆ ಬೇರೆ ನಿಯಂತ್ರಣಗಳಿವೆ; ನಿಮ್ಮ ಕಾರಿನಲ್ಲಿ ಮೂರೂ ವಯಸ್ಸಿನ ಕಾರಣದಿಂದ ಒಂದೊಂದಾಗಿ ಕೈಕೊಟ್ಟಿವೆ. ಆದ್ದರಿಂದ ಮೂರನ್ನೂ ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು. ಹೆಚ್ಚಿನ ಕೆಲಸಕ್ಕೆ ಸ್ಕ್ರೂಡ್ರೈವರ್, ಇಕ್ಕಳ, ಒಂದು ಟಾರ್ಚು ಮತ್ತು ಅಗ್ಗದ ಮಲ್ಟಿಮೀಟರ್ ಸಾಕು.

ಇಂತಹ ಕಾರುಗಳ ಹೀಟರಿನ ರಚನೆ ಬಹಳ ಸರಳ. ಎಂಜಿನ್ನನ್ನು ತಂಪಾಗಿಡಲು ಅದರೊಳಗೆ ಸುತ್ತುವ ದ್ರವವಾದ ಕೂಲೆಂಟ್ ಅಲ್ಲಿ ಕಾದ ಮೇಲೆ ಅದರ ಒಂದು ಪಾಲು ರಬ್ಬರ್ ಹೋಸಿನ ಮೂಲಕ, ಡ್ಯಾಶ್‌ಬೋರ್ಡಿನ ಹಿಂದೆ ಕುಳಿತಿರುವ ಸಣ್ಣ ರೇಡಿಯೇಟರಿನಂತಹ ಕೋರ್‌ಗೆ ಹೋಗಿ ಇನ್ನೊಂದು ಹೋಸಿನ ಮೂಲಕ ಎಂಜಿನ್ನಿಗೆ ಮರಳುತ್ತದೆ. ಬ್ಲೋವರ್ ಫ್ಯಾನು ಆ ಕೋರ್‌ನ ಮೂಲಕ ಗಾಳಿಯನ್ನು ನೂಕುತ್ತದೆ. ನಿಮ್ಮ ಕಾರಿನ ಕಾಲದ ಅನೇಕ ಸಣ್ಣ ಕಾರುಗಳಲ್ಲಿ ಬಿಸಿ-ತಂಪಿನ ಲಿವರ್ ಒಂದು ಕೇಬಲ್ಲಿನ ಮೂಲಕ ಹೋಸಿನ ದಾರಿಯಲ್ಲಿರುವ ನಲ್ಲಿಯಂತಹ ವಾಲ್ವನ್ನು ತೆರೆದು ಮುಚ್ಚುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಬಿಸಿನೀರು ಸದಾ ಹರಿಯುತ್ತಲೇ ಇದ್ದು, ಲಿವರ್ ಕೋರ್‌ನ ಮುಂದಿನ ಒಂದು ಫ್ಲಾಪನ್ನು ಮಾತ್ರ ಅತ್ತಿತ್ತ ತಿರುಗಿಸುತ್ತದೆ. ಬಾನೆಟ್ ತೆರೆದು, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯೊಳಕ್ಕೆ ಹೋಗುವ ಎರಡು ಸಣ್ಣ ಹೋಸುಗಳನ್ನು ಹುಡುಕಿರಿ. ಅವುಗಳಲ್ಲೊಂದರ ಮೇಲೆ ಕೇಬಲ್ ಸಿಕ್ಕಿಸಿದ ವಾಲ್ವ್ ಕಂಡರೆ ನಿಮ್ಮದು ಮೊದಲನೆಯ ಬಗೆ. ವಾಲ್ವನ್ನು ಗೋಡೆಯ ಒಳಭಾಗದಲ್ಲಿ, ಹೀಟರ್ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟಿರುವ ಕಾರುಗಳೂ ಇವೆ.

ಕೊಡಗಿನಲ್ಲಿ ಹೀಟರ್ ಬೇಕಾಗುವುದು ಡಿಸೆಂಬರಿನ ಚಳಿಗಿಂತ ಹೆಚ್ಚಾಗಿ ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಗೆ. ಒದ್ದೆ ರೇನ್‌ಕೋಟು, ಕೊಡೆ, ಗಮ್‌ಬೂಟುಗಳೊಡನೆ ನಾಲ್ವರು ಕುಳಿತರೆ ಕಾರಿನ ಒಳಗಿನ ಗಾಳಿ ತೇವದಿಂದ ತುಂಬಿ, ತಣ್ಣಗಿರುವ ಗಾಜಿನ ಮೇಲೆ ಹನಿಗಟ್ಟುತ್ತದೆ. ಹೊರಗೂ ಮಳೆಯೇ ಇರುವಾಗ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದು ಪ್ರಯೋಜನವೇನು ಎಂದು ಹಲವರು ಕೇಳುತ್ತಾರೆ. 18 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತೇವದಿಂದ ಪೂರ್ಣ ತುಂಬಿದ ಗಾಳಿಯನ್ನು 38 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ತೇವಾಂಶ ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಅಂತಹ ಗಾಳಿ ಗಾಜಿನ ಮೇಲಿನ ಪಸೆಯನ್ನು ಬೇಗನೆ ಹೀರಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಮಬ್ಬಿನ ತೊಂದರೆಗೆ ಮೂರು ಸಂಗತಿಗಳು ಒಟ್ಟಿಗೆ ಕೂಡಿಬರಬೇಕು: ಗಾಳಿ ಹೊರಗಿನಿಂದ ಬರಬೇಕು, ಕಾಯಬೇಕು, ಗಾಜಿನ ಬುಡಕ್ಕೆ ತಲುಪಬೇಕು. ಒಳಗಿನ ಗಾಳಿಯನ್ನೇ ಸುತ್ತಿಸುವ ಕಡೆಗೆ ಲಿವರ್ ಸಿಕ್ಕಿಕೊಂಡಿದ್ದರೆ ಉಳಿದದ್ದೆಲ್ಲ ಸರಿಯಿದ್ದರೂ ಗಾಜು ತಿಳಿಯಾಗುವುದಿಲ್ಲ. ಅದನ್ನು ಮೊದಲೇ ನೋಡಿಕೊಳ್ಳಿ.

ಫ್ಯಾನಿನ ವಿಷಯವನ್ನು ಬೇಗ ಮುಗಿಸಬಹುದು. ನಾಲ್ಕನೆಯ ಸ್ಪೀಡು ಕೆಲಸ ಮಾಡುತ್ತಿದೆ ಎಂದ ಮೇಲೆ ಫ್ಯೂಸು, ಮೋಟರು, ಅದರ ಅರ್ತ್ ತಂತಿ ಮೂರೂ ಸರಿಯಿವೆ ಎಂದಾಯಿತು. ಕೆಳಗಿನ ಸ್ಪೀಡುಗಳಲ್ಲಿ ವಿದ್ಯುತ್ತು ಅದನ್ನು ತಗ್ಗಿಸುವ ರೆಸಿಸ್ಟರ್ ಎಂಬ ಭಾಗದ ಸುರುಳಿಗಳ ಮೂಲಕ ಹಾದು ಬರುತ್ತದೆ, ಅತಿ ಹೆಚ್ಚಿನ ಸ್ಪೀಡಿನಲ್ಲಿ ಮಾತ್ರ ರೆಸಿಸ್ಟರನ್ನು ಬಿಟ್ಟು ನೇರವಾಗಿ ಮೋಟರಿಗೆ ಹೋಗುತ್ತದೆ. ಸ್ವಿಚ್ಚಿನ ಒಂದು ಕಾಂಟ್ಯಾಕ್ಟ್ ಸವೆದಿದ್ದರೆ ಸಾಮಾನ್ಯವಾಗಿ ಒಂದು ಸ್ಪೀಡು ಮಾತ್ರ ಹೋಗುತ್ತದೆ. ಮೂರೂ ಒಟ್ಟಿಗೆ ಹೋಗಿದ್ದರೆ ರೆಸಿಸ್ಟರ್ ಅಥವಾ ಅದರ ಕನೆಕ್ಟರ್ ಸುಟ್ಟಿದೆ ಎಂದೇ ಹಿಡಿಯಬೇಕು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಎಡಬದಿಯ ಗ್ಲೋವ್ ಬಾಕ್ಸಿನ ಕೆಳಗೆ ಬ್ಲೋವರಿನ ಪೆಟ್ಟಿಗೆಯನ್ನು ನೋಡಿದರೆ ಒಂದೆರಡು ಸ್ಕ್ರೂಗಳಲ್ಲಿ ಕೂತ, ಮೂರು ನಾಲ್ಕು ತಂತಿಗಳು ಬಂದು ಸೇರುವ ಸಣ್ಣ ಬಿಲ್ಲೆ ಕಾಣುತ್ತದೆ. ಅದನ್ನು ಹೊರಗೆ ತೆಗೆದು ಮಲ್ಟಿಮೀಟರಿನಲ್ಲಿ ಅಳೆದರೆ ಒಂದು ಓಮ್‌ಗಿಂತ ಕಡಿಮೆಯಿಂದ ಕೆಲವೇ ಓಮ್‌ಗಳವರೆಗೆ ಬೇರೆ ಬೇರೆ ಅಂಕಿಗಳು ಬರಬೇಕು. ಅಂಕಿಯೇ ಬಾರದಿದ್ದರೆ ಅದರ ಮೇಲಿನ ಥರ್ಮಲ್ ಫ್ಯೂಸು ಕರಗಿದೆ ಅಥವಾ ಸುರುಳಿ ಕಡಿದಿದೆ.

ಇಲ್ಲಿ ಹೊಸ ರೆಸಿಸ್ಟರ್ ಹಾಕಿ ಕೈತೊಳೆದುಕೊಳ್ಳುವುದು ಸರಿಯಲ್ಲ. ರೆಸಿಸ್ಟರನ್ನು ಗಾಳಿಯ ಹಾದಿಯಲ್ಲಿಯೇ ಇಟ್ಟಿರುವುದು ಅದು ತಂಪಾಗಲೆಂದು. ಗಾಳಿ ಕಡಿಮೆಯಾದರೆ ಅಥವಾ ಮೋಟರು ಬಿಗಿಯಾಗಿ ಹೆಚ್ಚು ಕರೆಂಟು ಎಳೆದರೆ ಹೊಸದೂ ಸುಡುತ್ತದೆ. ಕಾಫಿ ತೋಟದಲ್ಲಿ ನಿಲ್ಲುವ ಕಾರಿನಲ್ಲಿ ವೈಪರಿನ ಕೆಳಗಿನ ಜಾಲರಿಯ ಮೂಲಕ ಸಿಲ್ವರ್ ಓಕಿನ ಎಲೆ ಒಳಗಿಳಿದು ಬ್ಲೋವರಿನ ಸುತ್ತ ಮೆತ್ತಿಕೊಂಡಿರುವುದು ತೀರಾ ಸಾಮಾನ್ಯ. ಆ ಎಲೆಯ ಮೇಲೆ ಇಲಿ ಗೂಡು ಕಟ್ಟಿ ತಂತಿಯನ್ನೂ ಕಡಿದಿರಬಹುದು. ರೆಸಿಸ್ಟರ್ ತೆಗೆದ ರಂಧ್ರದೊಳಕ್ಕೆ ಟಾರ್ಚು ಬಿಟ್ಟು ನೋಡಿ ಕಸವನ್ನೆಲ್ಲ ತೆಗೆಯಿರಿ. ಬೆರಳು ತಾಗುವಂತಿದ್ದರೆ ಫ್ಯಾನಿನ ಚಕ್ರವನ್ನು ಒಮ್ಮೆ ತಿರುಗಿಸಿ ಬಿಡಿ: ಅದು ಸ್ವಲ್ಪ ಹೊತ್ತು ತಾನಾಗಿಯೇ ತಿರುಗಬೇಕು, ಕೂಡಲೇ ನಿಂತರೆ ಮೋಟರಿನ ದಂಡ ತಿರುಗುವ ಬಳೆಯಾದ ಬುಷ್ ಒಣಗಿದೆ ಎಂದರ್ಥ. ಕನೆಕ್ಟರಿನ ಪ್ಲಾಸ್ಟಿಕ್ ಕಂದುಗಟ್ಟಿದ್ದರೆ ಅದನ್ನೂ ಬದಲಾಯಿಸಬೇಕು. ಸುಟ್ಟ ಕನೆಕ್ಟರನ್ನು ತೆಗೆದುಹಾಕಿ ತಂತಿಗಳನ್ನು ತಿರುಚಿ ಟೇಪು ಸುತ್ತುವ ಪದ್ಧತಿ ನಮ್ಮಲ್ಲಿದೆ. ತೇವ ತುಂಬಿದ ಈ ಹವೆಯಲ್ಲಿ ಅದು ಬೆಂಕಿಗೆ ಆಹ್ವಾನ. ದೊಡ್ಡ ಫ್ಯೂಸು ಹಾಕುವುದಂತೂ ಬೇಡವೇ ಬೇಡ.

ಇನ್ನು ಬಿಸಿಯ ವಿಷಯ. ಮೊದಲು ಒಂದು ಸಂಶಯವನ್ನು ಪರಿಹರಿಸಿಕೊಳ್ಳಿ. ಬಯಲುಸೀಮೆಯಲ್ಲಿ ಓಡಿದ ಹಳೆಯ ಕಾರುಗಳಲ್ಲಿ ಹೀಟರನ್ನು ಕೇಳುವವರಿರುವುದಿಲ್ಲ. ಹೋಸೊಂದು ಸೋರತೊಡಗಿದಾಗ ಕೋರ್‌ಗೆ ಹೋಗುವ ದಾರಿಯನ್ನೇ ಬಿಟ್ಟು ಎಂಜಿನ್ನಿನ ಎರಡು ತುದಿಗಳನ್ನು ಒಂದೇ ಹೋಸಿನಿಂದ ಸೇರಿಸಿ ಬೈಪಾಸ್ ಮಾಡಿಬಿಡುತ್ತಾರೆ. ನಿಮ್ಮ ಕಾರು ಮೈಸೂರಿನಿಂದ ಬಂದದ್ದು. ತಗಡಿನ ಗೋಡೆಯಲ್ಲಿ ಕೋರ್‌ನ ಎರಡು ಲೋಹದ ಕೊಳವೆಗಳು ಖಾಲಿಯಾಗಿ ಚಾಚಿಕೊಂಡಿದ್ದರೆ ಬೇರೇನನ್ನೂ ಹುಡುಕಬೇಕಾಗಿಲ್ಲ. ಆದರೆ ಯಾಕೆ ಬೈಪಾಸ್ ಮಾಡಿದ್ದರು ಎಂಬುದು ತಿಳಿಯುವವರೆಗೆ, ಅಂದರೆ ಕೋರ್ ಸೋರುತ್ತಿಲ್ಲ ಎಂದು ಖಚಿತವಾಗುವವರೆಗೆ, ಹೋಸುಗಳನ್ನು ಮರುಜೋಡಿಸಬೇಡಿ.

ಹೋಸುಗಳು ಸರಿಯಾಗಿಯೇ ಇದ್ದರೆ ಹದಿನೈದು ನಿಮಿಷ ಓಡಿಸಿ ಎಂಜಿನ್ ಕಾದ ಮೇಲೆ, ಲಿವರನ್ನು ಬಿಸಿಯ ಕಡೆಗಿಟ್ಟು, ಎರಡೂ ಹೋಸುಗಳನ್ನು ಗೋಡೆಯ ಹತ್ತಿರ ಬಟ್ಟೆಯ ಮೂಲಕ ಮುಟ್ಟಿ ನೋಡಿ. ರೇಡಿಯೇಟರ್ ಫ್ಯಾನು ವಿದ್ಯುತ್ತಿನದಾದರೆ ಎಂಜಿನ್ ನಿಲ್ಲಿಸಿದ ಮೇಲೂ ಅದು ತಟ್ಟನೆ ತಿರುಗಬಹುದು, ಕೈ ದೂರವಿರಲಿ. ಎರಡೂ ಹೋಸುಗಳು ಒಂದೇ ಸಮನೆ ಬಿಸಿಯಾಗಿದ್ದರೆ ಬಿಸಿನೀರು ಕೋರ್‌ಗೆ ಹೋಗಿ ಬರುತ್ತಿದೆ, ದೋಷ ಗಾಳಿಯ ಕಡೆಗಿದೆ. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ವಾಲ್ವ್ ಮುಚ್ಚಿಕೊಂಡಿದೆ ಅಥವಾ ಕೋರ್ ಕಟ್ಟಿದೆ. ಎರಡೂ ಬೆಚ್ಚಗಷ್ಟೇ ಇದ್ದರೆ ಎಂಜಿನ್ನೇ ಕಾಯುತ್ತಿಲ್ಲ, ಇಲ್ಲವೇ ಕೂಲೆಂಟ್ ಕಡಿಮೆಯಾಗಿ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ.

ಎಂಜಿನ್ ಕಾಯದಿರುವುದಕ್ಕೆ ಥರ್ಮೋಸ್ಟಾಟ್ ಕಾರಣ, ಅಂದರೆ ಎಂಜಿನ್ ಕಾಯುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ, ಬಿಸಿಗೆ ತಾನಾಗಿ ತೆರೆಯುವ ವಾಲ್ವ್. ಓವರ್‌ಹೀಟ್ ಆಗುತ್ತದೆಂಬ ಭಯದಿಂದ ಅದನ್ನು ಕಿತ್ತೇ ಹಾಕಿರುವ ಕಾರುಗಳು ಬಹಳ. ಹಾಗಾಗಿದೆಯೋ ಎಂಬುದನ್ನು ಸಂಪಾಜೆ ಘಾಟಿಯೇ ಹೇಳುತ್ತದೆ: ಮಡಿಕೇರಿಯಿಂದ ಇಳಿಯುತ್ತಾ ಹೋಗುವಾಗ ಎಂಜಿನ್ನಿಗೆ ಶ್ರಮವಿಲ್ಲ, ಆಗ ಟೆಂಪರೇಚರ್ ಮುಳ್ಳು ನಡುಮಟ್ಟದಿಂದ ಕೆಳಗೆ ಬೀಳುತ್ತಲೇ ಹೋದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ ಅಥವಾ ಇಲ್ಲವೇ ಇಲ್ಲ. ಹೊರಗೆ ತೆಗೆದದ್ದನ್ನು ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ ಪರೀಕ್ಷಿಸಬಹುದು. ಅದರ ಮೇಲೆ 82 ಅಥವಾ 88 ಎಂಬಂತಹ ಅಂಕಿ ಇರುತ್ತದೆ. ಅದು ತೆರೆಯಲು ತೊಡಗುವ ಉಷ್ಣಾಂಶ, ಪೂರ್ತಿ ತೆರೆಯುವುದಕ್ಕೆ ಇನ್ನೂ ಹತ್ತು ಹನ್ನೆರಡು ಡಿಗ್ರಿ ಬೇಕು. ಮಡಿಕೇರಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುವುದರಿಂದ 88ರ ಥರ್ಮೋಸ್ಟಾಟ್ ನಿಮ್ಮ ಅಡುಗೆಮನೆಯಲ್ಲಿ ಪೂರ್ತಿ ಬಾಯಿ ತೆರೆಯದಿರಬಹುದು. ಅಷ್ಟಕ್ಕೇ ಅದು ಕೆಟ್ಟಿದೆಯೆಂದು ಎಸೆಯಬೇಡಿ.

ಆದರೆ ನಿಮ್ಮ ಲಿವರ್ ಬಿಗಿಯಾಗಿದೆ ಎಂಬ ಒಂದೇ ಮಾತು ನನ್ನ ಸಂಶಯವನ್ನು ಕೇಬಲ್ ಮತ್ತು ವಾಲ್ವಿನ ಕಡೆಗೆ ತಿರುಗಿಸುತ್ತದೆ. ಲಿವರ್ ಸಡಿಲವಾಗಿ ಯಾವ ತಡೆಯೂ ಇಲ್ಲದೆ ಜಾರುತ್ತಿದ್ದರೆ ಕೇಬಲ್ಲಿನ ಹೊರಕವಚವನ್ನು ಹಿಡಿದಿಡುವ ಕ್ಲಿಪ್ ಕಳಚಿದೆ ಅಥವಾ ಲಿವರಿನ ಹಿಂದಿನ ಪ್ಲಾಸ್ಟಿಕ್ ಮುರಿದಿದೆ ಎನ್ನಬಹುದಿತ್ತು. ಬಿಗಿಯಾದ ಲಿವರಿನಲ್ಲಿ ತುಕ್ಕು ಕೇಬಲ್ಲಿನೊಳಗಿರಬಹುದು, ವಾಲ್ವಿನೊಳಗೂ ಇರಬಹುದು. ಅದನ್ನು ಬಲವಂತವಾಗಿ ತಳ್ಳುವುದನ್ನು ಇವತ್ತೇ ನಿಲ್ಲಿಸಿ. ಇಪ್ಪತ್ತೈದು ವರ್ಷ ದಾಟಿದ ಪ್ಲಾಸ್ಟಿಕ್ ಮುರಿದರೆ ಆ ಭಾಗ ಗುಜರಿಯಲ್ಲಷ್ಟೇ ಸಿಕ್ಕೀತು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ವಾಲ್ವಿನ ತುದಿಯಲ್ಲಿ ಕೇಬಲ್ಲನ್ನು ಕಳಚಿರಿ. ಹೊರಕವಚವನ್ನು ಒಂದು ಸ್ಪ್ರಿಂಗ್ ಕ್ಲಿಪ್ ಒತ್ತಿ ಹಿಡಿದಿರುತ್ತದೆ, ಒಳಗಿನ ತಂತಿಯ ಬಳೆಯಂತಹ ತುದಿ ವಾಲ್ವಿನ ತೋಳಿನ ಮೊಳೆಗೆ ಸಿಕ್ಕಿಕೊಂಡಿರುತ್ತದೆ. ಕ್ಲಿಪ್ ಇದ್ದ ಜಾಗದಲ್ಲಿ ಕವಚದ ಮೇಲೆ ಬಣ್ಣದಿಂದ ಒಂದು ಗುರುತು ಮಾಡಿಕೊಂಡೇ ಬಿಚ್ಚಿ. ಈಗ ವಾಲ್ವಿನ ತೋಳನ್ನು ಬೆರಳಿನಿಂದ ಅತ್ತಿತ್ತ ಆಡಿಸಿ. ತೋಳು ಹಗುರವಾಗಿ ತಿರುಗಿ ಡ್ಯಾಶ್‌ಬೋರ್ಡಿನ ಲಿವರ್ ಮಾತ್ರ ಬಿಗಿಯಾಗಿಯೇ ಉಳಿದರೆ ತಪ್ಪು ಕೇಬಲ್ಲಿನದು. ಲಿವರ್ ಹಗುರವಾಗಿ ತೋಳು ಕದಲದಿದ್ದರೆ ವಾಲ್ವಿನದು. ಇಷ್ಟು ಸಣ್ಣ ಪರೀಕ್ಷೆಯನ್ನು ಮಾಡದೆ ಡ್ಯಾಶ್‌ಬೋರ್ಡ್ ಬಿಚ್ಚಬೇಕೆನ್ನುವುದು ನನಗೆ ಒಪ್ಪಿಗೆಯಿಲ್ಲ.

ಕೇಬಲ್ ಬಿಗಿಯಾಗಿದ್ದರೆ ಅದನ್ನು ಹೊರಗೆ ತೆಗೆದು ನೇರವಾಗಿ ತೂಗುಹಾಕಿ, ಮೇಲಿನ ತುದಿಯಿಂದ ತೆಳುವಾದ ಎಣ್ಣೆಯನ್ನು ಹನಿಹನಿಯಾಗಿ ಇಳಿಬಿಟ್ಟು, ಕೆಳಗೆ ಸ್ವಚ್ಛ ಎಣ್ಣೆ ಬರುವವರೆಗೆ ಒಳತಂತಿಯನ್ನು ಆಡಿಸುತ್ತಿರಬೇಕು. ಒಳಗೆ ಪ್ಲಾಸ್ಟಿಕ್ ಪದರವಿರುವ ಕೇಬಲ್ಲಾದರೆ ಸಿಲಿಕೋನ್ ಸ್ಪ್ರೇ ಮಾತ್ರ ಸಾಕು. ಗ್ರೀಸು ಹಾಕಿದರೆ ಚಳಿಗೆ ಅದೇ ಗಟ್ಟಿಯಾಗುತ್ತದೆ. ತಂತಿ ಒಮ್ಮೆ ಮಡಚಿ ಮುರುಟಿದ್ದರೆ ಎಣ್ಣೆಯಿಂದ ಉಪಯೋಗವಿಲ್ಲ, ಬದಲಾಯಿಸಲೇಬೇಕು. ಮೂಲ ಕೇಬಲ್ ಸಿಗದಿದ್ದಾಗ ಬೈಕಿನ ಕ್ಲಚ್ ಕೇಬಲ್ಲನ್ನು ಕತ್ತರಿಸಿ ಹಾಕಿಕೊಡುವವರಿದ್ದಾರೆ. ಅದು ಎಳೆಯುತ್ತದೆ, ತಳ್ಳುವುದಿಲ್ಲ. ಕ್ಲಚ್ಚಿನಲ್ಲಿ ಹಿಂದಕ್ಕೆಳೆಯುವ ಸ್ಪ್ರಿಂಗ್ ಇದೆ. ಹೀಟರ್ ವಾಲ್ವಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಆದ್ದರಿಂದ ಹೀಟರಿನ ಕೇಬಲ್ಲಿನೊಳಗೆ ಎಳೆಗಳನ್ನು ಹೊಸೆದ ತಂತಿಯ ಬದಲು ಒಂಟಿಯಾದ ಗಟ್ಟಿ ಉಕ್ಕಿನ ತಂತಿ ಇರುತ್ತದೆ. ಹಳೆಯ ಕಾರ್ಬ್ಯುರೇಟರ್ ಗಾಡಿಗಳ ಕೈಚೋಕಿನ ಕೇಬಲ್ಲಿನಲ್ಲಿಯೂ ಬಹುಮಟ್ಟಿಗೆ ಇಂತಹದೇ ತಂತಿ ಇರುವುದರಿಂದ, ಸರಿಯಾದ ಉದ್ದದ್ದು ಸಿಕ್ಕರೆ ಅದು ಒಳ್ಳೆಯ ಬದಲಿ.

ಮರಳಿ ಕೂರಿಸುವಾಗ ಲಿವರನ್ನು ತಂಪಿನ ತುದಿಗಿಟ್ಟು, ವಾಲ್ವಿನ ತೋಳನ್ನು ಪೂರ್ತಿ ಮುಚ್ಚಿ, ಆಮೇಲೆ ಕ್ಲಿಪ್ ಒತ್ತುವುದು ಪುಸ್ತಕದ ಕ್ರಮ. ಹಿಗ್ಗಿದ ಹಳೆಯ ಭಾಗಗಳಲ್ಲಿ ಎರಡೂ ತುದಿ ಸರಿಯಾಗಿ ಹೊಂದದಿದ್ದರೆ ಬಿಸಿಯ ತುದಿ ಪೂರ್ತಿ ತೆರೆಯುವಂತೆ ಹೊಂದಿಸಿಕೊಳ್ಳಿ. ಏಪ್ರಿಲಿನಲ್ಲಿ ಮೈಸೂರಿಗೆ ಹೋದಾಗ ಕಾಲಿಗೆ ತುಸು ಬೆಚ್ಚಗಿನ ಗಾಳಿ ಬಂದೀತು. ಜುಲೈಯಲ್ಲಿ ಗಾಜು ಕಾಣದಿರುವುದಕ್ಕಿಂತ ಅದು ಲೇಸು.

ವಾಲ್ವ್ ಕಚ್ಚಿಕೊಂಡಿದ್ದರೆ ಇಕ್ಕಳದಿಂದ ತಿರುಚಲು ಹೋಗದೆ ಹೊಸದನ್ನೇ ಹಾಕಿ; ಬಲವಂತ ಮಾಡಿದರೆ ಅದರ ನಡುದಂಡದ ಬಳಿಯಿಂದ ಸೋರತೊಡಗುತ್ತದೆ. ಇದು ಕಚ್ಚಿಕೊಳ್ಳುವುದಕ್ಕೆ ಮುಖ್ಯ ಕಾರಣ ರೇಡಿಯೇಟರಿಗೆ ವರ್ಷಗಟ್ಟಲೆ ಬಾವಿಯ ಅಥವಾ ತೋಡಿನ ನೀರು ಹಾಕಿರುವುದು. ಆ ನೀರಿನ ಮಣ್ಣು, ಕಬ್ಬಿಣದ ತುಕ್ಕು ಎರಡೂ ಕೊನೆಗೆ ಬಂದು ನಿಲ್ಲುವ ಕಿರಿದಾದ ಜಾಗಗಳು ಹೀಟರ್ ವಾಲ್ವ್ ಮತ್ತು ಕೋರ್. ಹಾಗಾಗಿ ವಾಲ್ವ್ ಬದಲಾಯಿಸುವ ದಿನವೇ ಕೋರ್ ತೊಳೆಯುವುದು ಒಳ್ಳೆಯದು. ಎರಡೂ ಹೋಸುಗಳನ್ನು ಕಳಚಿ, ನೀರು ಹೊರಬರುವ ಕಡೆಯ ಕೊಳವೆಗೆ ತೋಟದ ಸಾಧಾರಣ ಪೈಪನ್ನು ಹಿಡಿದು, ಹಿಮ್ಮುಖವಾಗಿ ಮೆಲ್ಲನೆ ನೀರು ಹರಿಸಿ. ಮೊದಲು ಕಂದುಬಣ್ಣದ ಕೆಸರು ಬರುತ್ತದೆ. ತಿಳಿನೀರು ಬಂದ ಮೇಲೆ ದಿಕ್ಕು ಬದಲಿಸಿ ಇನ್ನೊಮ್ಮೆ ಹರಿಸಿ. ಔಷಧ ಹೊಡೆಯುವ ಪವರ್ ಸ್ಪ್ರೇಯರಿನ ಒತ್ತಡವನ್ನಾಗಲಿ ಸ್ಪ್ರಿಂಕ್ಲರ್ ಪಂಪನ್ನಾಗಲಿ ಇದಕ್ಕೆ ಉಪಯೋಗಿಸಬೇಡಿ, ಸೋರದಿದ್ದ ಕೋರ್ ಕೂಡ ಒಡೆಯುತ್ತದೆ. ಇಳಿಸಿದ ಹಳೆಯ ಕೂಲೆಂಟನ್ನು ಅಂಗಳದಲ್ಲಿ ಬಿಡಬಾರದು: ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಸ್ವಲ್ಪ ನೆಕ್ಕಿದರೂ ನಾಯಿಯ ಮೂತ್ರಪಿಂಡ ಕೆಟ್ಟು ಪ್ರಾಣ ಹೋಗಬಹುದು.

ತುಂಬಿಸುವಾಗ ಕೂಲೆಂಟ್ ಮತ್ತು ಡಿಸ್ಟಿಲ್ಡ್ ನೀರನ್ನು ಸಮಪಾಲಿನಲ್ಲಿ ಬೆರೆಸಿ, ಲಿವರನ್ನು ಬಿಸಿಯ ಕಡೆಗೇ ಇಟ್ಟಿರಬೇಕು. ಕಾರಿನ ಮೂತಿ ಮೇಲಾಗಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿದರೆ ಸಿಕ್ಕಿಕೊಂಡ ಗಾಳಿ ರೇಡಿಯೇಟರಿನ ಬಾಯಿಯ ಕಡೆಗೆ ಏರಿ ಹೊರಬರುತ್ತದೆ. ಕೊಡಗಿನಲ್ಲಿ ಅಂತಹ ಅಂಗಳ ಹುಡುಕುವ ಕಷ್ಟವಂತೂ ಇಲ್ಲ. ಎಂಜಿನ್ನನ್ನು ತೆರೆದ ಜಾಗದಲ್ಲಿಯೇ ಓಡಿಸಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಒಮ್ಮೆ ಕಾದ ಮೇಲೆ ರೇಡಿಯೇಟರ್ ಕ್ಯಾಪನ್ನು ಯಾವ ಕಾರಣಕ್ಕೂ ತೆರೆಯಬೇಡಿ.

ಗಾಳಿಯ ದಿಕ್ಕಿಗೆ ಬಂದರೆ, ಅಲ್ಲಿಯೂ ಇನ್ನೊಂದು ಕೇಬಲ್, ಇನ್ನೊಂದು ಫ್ಲಾಪ್. ಕಾಲಿನ ಜಾಗದಲ್ಲಿ ಬಗ್ಗಿ ಹೀಟರ್ ಪೆಟ್ಟಿಗೆಯ ಪಕ್ಕವನ್ನು ಟಾರ್ಚಿನ ಬೆಳಕಿನಲ್ಲಿ ನೋಡುತ್ತಿರುವಾಗ ಇನ್ನೊಬ್ಬರು ಲಿವರ್ ಸರಿಸಲಿ. ಫ್ಲಾಪಿನ ತೋಳು ಕದಲದೆ ಕೇಬಲ್ಲಿನ ಕವಚವೇ ಹಾವಿನಂತೆ ಹೊರಳಿದರೆ ಕ್ಲಿಪ್ ಕಳಚಿದೆ, ಸಿಕ್ಕಿಸಿದರೆ ಮುಗಿಯಿತು. ತೋಳು ಸರಿಯಾಗಿ ತಿರುಗಿಯೂ ಗಾಜಿಗೆ ಗಾಳಿ ಬಾರದಿದ್ದರೆ ಪೆಟ್ಟಿಗೆಯಿಂದ ಗಾಜಿನ ಬುಡಕ್ಕೆ ಹೋಗುವ ಕೊಳವೆ ಕಳಚಿರಬೇಕು. ಹೊಸ ಸ್ಟೀರಿಯೋ ಕೂರಿಸುವಾಗ ಕೈಗೆ ಅಡ್ಡ ಬರುತ್ತದೆಂದು ಅದನ್ನು ಎಳೆದು ಹಾಗೇ ಬಿಟ್ಟಿರುವುದುಂಟು, ಆಗ ಗಾಳಿಯೆಲ್ಲ ಡ್ಯಾಶ್‌ಬೋರ್ಡಿನ ಹೊಟ್ಟೆಯಲ್ಲೇ ಉಳಿದು ಕಾಲಿನ ಕಡೆಗೆ ಸೋರುತ್ತದೆ. ಸ್ಟೀರಿಯೋ ಹೊರಗೆಳೆದರೆ ಆ ಕೊಳವೆಗೆ ಸಾಮಾನ್ಯವಾಗಿ ಕೈ ಎಟುಕುತ್ತದೆ. ಫ್ಯಾನು ಹಾಕಿದಾಗ ಕಪ್ಪು ಪುಡಿ ಹಾರಿ ಬರುತ್ತಿದ್ದರೆ ಫ್ಲಾಪಿನ ಅಂಚಿನ ಸ್ಪಂಜು ಪುಡಿಯಾಗಿದೆ. ಗಾಳಿ ಸ್ವಲ್ಪ ಸೋರುತ್ತದೆ, ಅದೊಂದಕ್ಕಾಗಿ ಪೆಟ್ಟಿಗೆ ಬಿಚ್ಚುವಷ್ಟು ದೊಡ್ಡ ದೋಷವಲ್ಲ.

ಹಾಗಾದರೆ ಕೋರ್ ನಿಜವಾಗಿ ಹೋಗಿದೆ ಎಂದು ಯಾವಾಗ ಒಪ್ಪಬೇಕು? ಒಳಗೆ ಸಿಹಿಯಾದ ವಾಸನೆ, ಒರೆಸಿದಷ್ಟೂ ಹರಡುವ ಜಿಡ್ಡಿನ ಮಬ್ಬು, ಪದೇ ಪದೇ ಇಳಿಯುವ ಕೂಲೆಂಟ್ ಇವು ಮೂರೂ ಕೂಡಿದ್ದರೆ ಕೋರ್ ಸೋರುತ್ತಿದೆ. ಕಾರ್ಪೆಟ್ ಒದ್ದೆಯಾಗಿದೆ ಎಂಬುದಷ್ಟೇ ಸಾಕ್ಷಿಯಾಗದು. ವೈಪರಿನ ಕೆಳಗಿನ ತಗ್ಗಿನಲ್ಲಿ ನೀರು ಹರಿದುಹೋಗುವ ರಂಧ್ರಕ್ಕೆ ಎಲೆ ಕಟ್ಟಿದರೆ ಮಳೆನೀರು ಬ್ಲೋವರಿನ ಮೂಲಕ ಅದೇ ಎಡಬದಿಯ ಕಾರ್ಪೆಟ್ಟಿಗೆ ಇಳಿಯುತ್ತದೆ. ಬಿಳಿಯ ಕಾಗದದ ಕರವಸ್ತ್ರವನ್ನು ಕಾರ್ಪೆಟ್ಟಿಗೆ ಒತ್ತಿ ಬೆರಳಿನಲ್ಲಿ ಉಜ್ಜಿ ನೋಡಿದರೆ ಕೂಲೆಂಟಾದರೆ ಬಣ್ಣ ಮತ್ತು ಜಾರುವ ಅಂಟು ಗೊತ್ತಾಗುತ್ತದೆ, ಮಳೆನೀರಾದರೆ ಮಣ್ಣಿನ ಕಲೆಯಷ್ಟೇ ಉಳಿಯುತ್ತದೆ. ಫ್ಯಾನು ಹಾಕಿದಾಗ ಹೊಗೆಯ ವಾಸನೆ ಬಂದರೆ ಅದು ಹೀಟರಿನ ವಿಷಯವೇ ಅಲ್ಲ. ಸೈಲೆನ್ಸರ್ ಕಡೆಯ ಸೋರಿಕೆಯಿಂದ ಕಾರ್ಬನ್ ಮೊನಾಕ್ಸೈಡ್ ಒಳಬರುತ್ತಿರಬಹುದು, ಗಾಜು ಇಳಿಸಿಕೊಂಡು ಮೊದಲು ಅದನ್ನು ಸರಿಪಡಿಸಿಸಿ.

ಸೋರಿಕೆ ಖಚಿತವಾದರೆ, ಅಥವಾ ವಾಲ್ವ್ ಪೂರ್ತಿ ತೆರೆದು ಎರಡೂ ದಿಕ್ಕಿಗೆ ತೊಳೆದ ಮೇಲೂ ಒಂದು ಹೋಸು ತಣ್ಣಗೇ ಉಳಿದರೆ, ನಿಮ್ಮ ಮೆಕ್ಯಾನಿಕ್ ಹೇಳಿದಂತೆ ಡ್ಯಾಶ್‌ಬೋರ್ಡ್ ಬಿಚ್ಚಿಸಿ. ಆಗ ಕೋರ್‌ನೊಂದಿಗೆ ಎರಡೂ ಹೋಸುಗಳು, ಕ್ಲಾಂಪುಗಳು ಮತ್ತು ಫ್ಲಾಪಿನ ಸ್ಪಂಜನ್ನೂ ಹೊಸದಾಗಿ ಹಾಕಿಸಿ, ಏಕೆಂದರೆ ಸ್ಪಂಜಿನ ಜಾಗಕ್ಕೆ ಮತ್ತೆ ಕೈ ತಲುಪುವ ಸಂದರ್ಭ ಬರುವುದಿಲ್ಲ. ಕೋರ್ ಸಿಗಲು ತಡವಾದರೆ ಮಧ್ಯಂತರದಲ್ಲಿ ಬೈಪಾಸ್ ಮಾಡಿಕೊಳ್ಳಬಹುದು, ಆದರೆ ಎಂಜಿನ್ನಿನ ಎರಡು ತುದಿಗಳಿಗೆ ಬಿರಡೆ ಬಡಿಯದೆ ಒಂದೇ ಹೋಸಿನಿಂದ ಸೇರಿಸಲು ಹೇಳಿ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ತೆರೆಯುವ ಮೊದಲು ನೀರು ಸುತ್ತುವುದಕ್ಕೆ ಆ ದಾರಿ ಬೇಕಾಗುತ್ತದೆ.